ಪುಸ್ತಕಕ್ಕಿಂತ ಮೊದಲು ಅಂಕಪಟ್ಟಿ

ನಾಸಿಕವೆಂದರೆ ನಮಗೆ ಪಂಚವಟಿ, ಕುಂಭಮೇಳ. ಕಾರ್ನೇಲಿಯಾ ಸೊರಾಬ್ಜಿ ಹುಟ್ಟಿದ್ದೂ ಅಲ್ಲೇ, 1866ರಲ್ಲಿ. ಆಕ್ಸ್‌ಫರ್ಡಿನಲ್ಲಿ 1892ರಲ್ಲೇ ಕಾನೂನು ಪರೀಕ್ಷೆಗೆ ಕೂತ ಆಕೆಗೆ ಪದವಿ ಕೈಗೆ ಬಂದದ್ದು 1922ರಲ್ಲಿ. ಹೆಣ್ಣೆಂಬ ಕಾರಣಕ್ಕೆ ಮೂವತ್ತು ವರ್ಷ!

ಈಗ ಆ ಅಡ್ಡಿಯಿಲ್ಲ, ಬೇರೆಯವು ಇವೆ. ಸಾತಪೂರದ ಕಾರ್ಖಾನೆಯಲ್ಲಿ ದುಡಿಯುವ, ಎರಡು ಮಕ್ಕಳ ತಾಯಿಯೊಬ್ಬಳು ಲಾ ಓದಬೇಕೆಂದಳು ಅನ್ನಿ. ಸಂಭಾಜಿನಗರದ (2023ರವರೆಗೆ ಔರಂಗಾಬಾದು) ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಐದು ವರ್ಷದ ಕೋರ್ಸು ಆಗಷ್ಟೇ ಹನ್ನೆರಡನೇ ಕ್ಲಾಸು ಮುಗಿಸಿದ ಹುಡುಗರಿಗೆ ಸರಿ. ಈಕೆಯ ದಾರಿ ಪದವಿಯ ಮೇಲಿನ ಮೂರು ವರ್ಷದ ಎಲ್‌ಎಲ್‌.ಬಿ. ಅದಕ್ಕೆ ರಾಜ್ಯದ ಸಿಇಟಿ. ವಯಸ್ಸಿನ ತಕರಾರಿಲ್ಲ. ತಪ್ಪುತ್ತರಕ್ಕೆ ಅಂಕ ಕಳೆಯೋದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು.

ತೊಡಕಿರೋದು ಪರೀಕ್ಷೆಗೂ ಮೊದಲೇ. ನಾಸಿಕದಲ್ಲಿ 1989ರಲ್ಲಿ ಶುರುವಾದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯ ಸಂಸಾರಸ್ಥರಿಗೆ ದೊಡ್ಡ ಆಸರೆ. ಹನ್ನೆರಡನೇ ಕ್ಲಾಸು ಪಾಸಾಗಿ ಅಲ್ಲಿ ಪದವಿ ಪಡೆದರೆ ಲಾಗೆ ನಡೆಯುತ್ತೆ. ಹನ್ನೆರಡನೆಯದು ಇಲ್ಲದೆ ನೇರವಾಗಿ ಮುಕ್ತ ಪದವಿ ಪಡೆದವರಿಗೆ ಮಾತ್ರ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮ ಬಾಗಿಲು ಹಾಕುತ್ತೆ. ಓದು ಬಿಡಿಸಿ ಮದುವೆ ಮಾಡಿಸಿಕೊಂಡವರೇ ಇಲ್ಲಿ ಸಿಕ್ಕಿಬೀಳೋದು. ನನಗಂತೂ ಇದು ನ್ಯಾಯ ಅನ್ನಿಸೋದಿಲ್ಲ. ಆದ್ದರಿಂದ ಗೈಡು ಕೊಳ್ಳುವ ಮೊದಲು ಹಳೆಯ ಅಂಕಪಟ್ಟಿಗಳನ್ನು ಟ್ರಂಕಿನಿಂದ ತೆಗೆದು ನೋಡಬೇಕು.

ಸೀಟು ಸಿಕ್ಕ ಮೇಲೂ ಅಂಚೆಯಲ್ಲಿ ಲಾ ಓದೋ ಹಾಗಿಲ್ಲ. ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ, ಹಾಜರಿ ನೂರಕ್ಕೆ 70. ಶಿಫ್ಟು ಬದಲಾಯಿಸಿ ಕೊಡ್ತಾರೋ, ಮಕ್ಕಳನ್ನ ಶಾಲೆಯಿಂದ ಯಾರು ಕರಕೊಂಡು ಬರ್ತಾರೋ, ಅರ್ಜಿ ತುಂಬುವ ದಿನವೇ ಕೇಳಿಟ್ಟುಕೊಳ್ಳಬೇಕು.