ವೈಟ್‌ಫೀಲ್ಡಿಗೆ ಬೇಕಿರುವುದು ಒಂದು ಫುಟ್‌ಪಾತು, ಒಬ್ಬ ಕಾರ್ಪೊರೇಟರು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಪ್‌ಫಾರ್ಮ್ ಚನ್ನಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ನಿಂತರೆ ವೈಟ್‌ಫೀಲ್ಡಿನ ಎಲ್ಲ ಬಗೆಯ ಜನ ಕಣ್ಣಿಗೆ ಬೀಳುತ್ತಾರೆ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡವರು ಇಳಿದು ಬರುತ್ತಾರೆ. ಮೊದಲ ಪಾಳಿಯ ಮನೆಗೆಲಸ ಮುಗಿಸಿದ ಹೆಂಗಸರು ಎರಡನೆಯ ಮನೆಯತ್ತ ಹೊರಟಿರುತ್ತಾರೆ. ಮಾಲೂರು, ಹೊಸಕೋಟೆ ಕಡೆಯಿಂದ ಬಂದ ಗಾರೆ ಕೆಲಸದವರು ಬೋಂಡಾ ಅಂಗಡಿಯ ಮುಂದೆ ಮೇಸ್ತ್ರಿಗಾಗಿ ಕಾಯುತ್ತಾರೆ. ಸಂಬಳ, ಭಾಷೆ, ಊರು ಎಲ್ಲವೂ ಬೇರೆಯಾದ ಇವರೆಲ್ಲ ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಒಂದೇ ಪಾಡಿಗೆ ಬೀಳುತ್ತಾರೆ. ಫುಟ್‌ಪಾತು ಅಲ್ಲಿಗೆ ಮುಗಿದಿರುತ್ತದೆ. ಮುಂದೆ ಟ್ರಾನ್ಸ್‌ಫಾರ್ಮರ್, ಕಿತ್ತ ಚಪ್ಪಡಿ, ನಿಲ್ಲಿಸಿದ ಬೈಕು. ಎಲ್ಲರೂ ರಸ್ತೆಗೆ ಇಳಿದು ನೀರಿನ ಟ್ಯಾಂಕರ್ ಪಕ್ಕದಲ್ಲೇ ನಡೆಯಬೇಕು.

ಇಲ್ಲಿ ಬದುಕು ಹಸನಾಗಲು ಏನು ಆಗಬೇಕು ಎಂದು ಕೇಳಿದರೆ ಜನ ಯೋಚಿಸಲು ಹೊತ್ತು ತೆಗೆದುಕೊಳ್ಳುವುದಿಲ್ಲ, ಉತ್ತರ ತಯಾರಾಗಿಯೇ ಇರುತ್ತದೆ. ಆ ಉತ್ತರಗಳಲ್ಲಿ ಮೇಲ್ಸೇತುವೆ, ಸುರಂಗ ರಸ್ತೆಗಳ ಹೆಸರು ಬರುವುದು ಕೊನೆಗೆ, ಎಷ್ಟೋ ಸಲ ಬರುವುದೇ ಇಲ್ಲ. ನಡೆಯಲು ಜಾಗ, ನಲ್ಲಿಯಲ್ಲಿ ನೀರು, ಒಳರಸ್ತೆಗೆ ಬರುವ ಬಸ್ಸು, ದೂರು ಹೇಳಿಕೊಳ್ಳಲು ಒಬ್ಬ ಮನುಷ್ಯ ಎಂಬ ನಾಲ್ಕು ಬೇಡಿಕೆಗಳು ಇಪ್ಪತ್ತನೆಯ ಮಹಡಿಯಿಂದಲೂ ಬರುತ್ತವೆ, ಶೀಟಿನ ಮನೆಯಿಂದಲೂ ಬರುತ್ತವೆ.

ಊರಿನ ಚರಿತ್ರೆ ಎಲ್ಲ ಮಾಹಿತಿ ಪತ್ರಗಳಲ್ಲೂ ಒಂದೇ ಬಗೆಯಾಗಿ ಸಿಗುತ್ತದೆ. ಮೈಸೂರಿನ ದೊರೆ ಹತ್ತನೆಯ ಚಾಮರಾಜೇಂದ್ರ ಒಡೆಯರು 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೃಷಿ ವಸಾಹತು ಕಟ್ಟಲು ಸುಮಾರು 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಉಳಿಯಿತು. ವೃತ್ತಾಕಾರವಾಗಿ ಕಟ್ಟಿದ ‘ಇನ್ನರ್ ಸರ್ಕಲ್’ ಬಡಾವಣೆಯ ಹೆಂಚಿನ ಬಂಗಲೆಗಳಲ್ಲಿ ಕೆಲವು ಮಾತ್ರ ಈಗ ಉಳಿದಿವೆ. 1990ರ ದಶಕದಲ್ಲಿ ಭಾರತ ಮತ್ತು ಸಿಂಗಪುರ ಸೇರಿ ಕಟ್ಟಿದ ಐಟಿಪಿಎಲ್ ಬಂತು, ಅದರ ಹಿಂದೆ ಗಾಜಿನ ಕಟ್ಟಡಗಳ ಸಾಲು ಬಂತು. ಮಹದೇವಪುರ ನಗರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ ಎಂಬ ಹಳ್ಳಿಗಳೆಲ್ಲ ಈಗ ಹೊರಗಿನವರ ಬಾಯಲ್ಲಿ ಒಟ್ಟಾಗಿ ವೈಟ್‌ಫೀಲ್ಡ್.

ಈ ವೈಟ್‌ಫೀಲ್ಡಿನಲ್ಲಿ ಬದುಕುವುದು ದುಬಾರಿ. ಎರಡು ಬೆಡ್‌ರೂಮಿನ ಫ್ಲ್ಯಾಟು ತಿಂಗಳಿಗೆ ಮೂವತ್ತು ಸಾವಿರಕ್ಕೆ ಕಡಿಮೆ ಸಿಗುವುದು ಕಷ್ಟ. ಅದರ ಮೇಲೆ ಐದಾರು ತಿಂಗಳ ಅಡ್ವಾನ್ಸು, ಮೇಂಟೆನೆನ್ಸು, ಬೇಸಿಗೆಯಲ್ಲಿ ಟ್ಯಾಂಕರಿನ ಪಾಲು. ಸಾಲ ಮಾಡಿ ಸ್ವಂತ ಮನೆ ಕೊಂಡವರೂ ಈ ಕೊನೆಯ ಎರಡರಿಂದ ಪಾರಾಗಿಲ್ಲ. ತೆರಿಗೆ ಕಟ್ಟಿಯೂ ನೀರು, ಕಸ, ಕೊಳಚೆ ಶುದ್ಧೀಕರಣ, ಕಾವಲು ಎಲ್ಲವನ್ನೂ ತಾವೇ ಹಣ ಹಾಕಿ ಮಾಡಿಕೊಳ್ಳುತ್ತಿದ್ದೇವೆ ಎಂಬುದು ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳ ಹಳೆಯ ಅಳಲು. ಅದು ಸುಳ್ಳಲ್ಲ.

ನೀರಿನ ಮಾತು ಬಂದರೆ ಎಲ್ಲರೂ 2024ರ ಬೇಸಿಗೆಗೆ ಹೋಗಿ ನಿಲ್ಲುತ್ತಾರೆ. ಕೊಳವೆಬಾವಿಗಳು ಸಾಲಾಗಿ ಬತ್ತಿದ ಆ ಮಾರ್ಚಿನಲ್ಲಿ ಟ್ಯಾಂಕರಿನವರು ಹೇಳಿದ್ದೇ ಬೆಲೆ. ಕೊನೆಗೆ ಜಿಲ್ಲಾಡಳಿತ ದರ ಗೊತ್ತು ಮಾಡಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತಕ್ಕೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಚಾಲನೆ ಸಿಕ್ಕಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಇದು. ಹದಿನೇಳು ವರ್ಷ ಕಾದ ಮೇಲೆ ನೂರು ಕಿಲೋಮೀಟರಿನಷ್ಟು ದೂರದಿಂದ ಕಾವೇರಿ ಈ ಕಡೆ ಹರಿದು ಬಂದದ್ದು ದೊಡ್ಡ ಸಂಗತಿ.

ಆದರೆ ಕೊಳವೆ ಗೇಟಿನವರೆಗೆ ಬಂದ ಮಾತ್ರಕ್ಕೆ ನೀರು ಸಂಪಿಗೆ ಬೀಳುವುದಿಲ್ಲ. ದೊಡ್ಡ ಸಮುಚ್ಚಯಗಳು ಜಲಮಂಡಳಿಗೆ ಕಟ್ಟಬೇಕಾದ ಸಂಪರ್ಕ ಶುಲ್ಕ ಲಕ್ಷಗಳಲ್ಲಿ ಇರುತ್ತದೆ. ಅದನ್ನು ಒಂದೇ ಬಾರಿಗೆ ಕೇಳಿದರೆ ಸಂಘದ ಸಭೆಯಲ್ಲಿ ಅರ್ಧ ಜನ ಕೈ ಎತ್ತುವುದಿಲ್ಲ. ಬಾಡಿಗೆಗೆ ಇರುವವರು ನಮಗೇಕೆ ಎನ್ನುತ್ತಾರೆ, ಮಾಲೀಕರು ಬೇರೆ ಊರಲ್ಲಿರುತ್ತಾರೆ. ಕಂತಿನಲ್ಲಿ ಕಟ್ಟಿಸಿಕೊಳ್ಳಿ, ಪ್ರತಿ ಫ್ಲ್ಯಾಟಿಗೂ ಮೀಟರು ಕಡ್ಡಾಯ ಮಾಡಿ, ಶುದ್ಧೀಕರಿಸಿದ ನೀರನ್ನು ಕಟ್ಟಡ ಕೆಲಸಕ್ಕೆ ಕೊಡುವ ವ್ಯವಸ್ಥೆ ಮಾಡಿ ಎಂದು ಸಲಹೆ ಕೊಡುವವರಲ್ಲಿ ಹೆಚ್ಚಿನವರು ನಿವೃತ್ತರು. ಬಕೆಟ್ಟಿನ ಲೆಕ್ಕ ಗೊತ್ತಿರುವ ತಲೆಮಾರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಲೆಕ್ಕಾಚಾರ ಹೆಚ್ಚು.

ಹೆಚ್ಚು ಹೊತ್ತು ಮಾತಾಡಿದ್ದು ಮಾತ್ರ ಇಪ್ಪತ್ತೆಂಟರ ಆಸುಪಾಸಿನ, ರಾಯಚೂರು ಜಿಲ್ಲೆಯ ದೇವದುರ್ಗ ಕಡೆಯ ಹೆಣ್ಣುಮಗಳು. ನಾಲ್ಕು ಫ್ಲ್ಯಾಟುಗಳಲ್ಲಿ ಅಡುಗೆ, ಪಾತ್ರೆ, ನೆಲ ಒರೆಸುವ ಕೆಲಸ. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ನಲ್ಲೂರಹಳ್ಳಿಯ ಒಳಗೆ ಒಂದೇ ಕೋಣೆಯ ಶೀಟಿನ ಮನೆ. ಅದಕ್ಕೂ ಐದು ಸಾವಿರ ಬಾಡಿಗೆ, ಕುಡಿಯುವ ನೀರಿಗೆ ಬೇರೆ ಕ್ಯಾನು. ವೈಟ್‌ಫೀಲ್ಡ್ ತುಟ್ಟಿ ಎಂದು ದೂರುವವರ ಪಟ್ಟಿಯಲ್ಲಿ ಇವರ ಹೆಸರು ಎಂದೂ ಬರುವುದಿಲ್ಲ. ಸಂಬಳದ ಎಷ್ಟನೆಯ ಪಾಲು ಬಾಡಿಗೆಗೆ ಹೋಗುತ್ತದೆ ಎಂದು ನೋಡಿದರೆ ಮೊದಲ ಹೆಸರು ಇವರದ್ದೇ ಆಗಬೇಕು.

ಶಕ್ತಿ ಯೋಜನೆ 2023ರ ಜೂನಿನಲ್ಲಿ ಶುರುವಾದ ಮೇಲೆ ಬಸ್ಸಿನ ಖರ್ಚು ಉಳಿದಿರಬೇಕಲ್ಲ ಎಂದರೆ ನಿಂತಲ್ಲೇ ಲೆಕ್ಕ ಹೇಳಿದರು. “ಬಸ್ಸಿಗೆ ರೊಕ್ಕ ಕೊಡೂದಿಲ್ಲ, ಅದು ಖರೇರಿ. ಆದ್ರ ಬಸ್ ಬರಬೇಕಲ್ರೀ?” ಅವರ ಮೊದಲ ಮನೆಯ ಕೆಲಸ ಬೆಳಿಗ್ಗೆ ಆರೂವರೆಗೆ. ದೊಡ್ಡ ಬಸ್ಸುಗಳು ಮುಖ್ಯರಸ್ತೆಯಲ್ಲೇ ಓಡುತ್ತವೆ. ಒಳರಸ್ತೆಯಲ್ಲಿ ಎರಡು ಕಿಲೋಮೀಟರ್ ಕತ್ತಲಲ್ಲೇ ನಡೆಯಬೇಕು, ಬೀದಿ ದೀಪ ಒಂದು ಉರಿದರೆ ಎರಡು ಉರಿಯುವುದಿಲ್ಲ. ಮಳೆಗಾಲದಲ್ಲಿ ಚರಂಡಿ ಯಾವುದು, ರಸ್ತೆ ಯಾವುದು ಎಂದು ಗೊತ್ತಾಗುವುದಿಲ್ಲ. ಆಟೊ ಹತ್ತೋಣವೆಂದರೆ ಮೀಟರಿನ ಕನಿಷ್ಠ ದರವೇ 36 ರೂಪಾಯಿ, ಅಷ್ಟಕ್ಕೆ ಬರುವವರು ಸಿಗುವುದಿಲ್ಲ. ಸಣ್ಣ ಬಸ್ಸುಗಳು ಮೆಟ್ರೊ ನಿಲ್ದಾಣದಿಂದ ಹಳ್ಳಿಯ ಒಳಗೆ ಸುತ್ತು ಹೊಡೆದು ಬರಲಿ, ಬೆಳಿಗ್ಗೆ ಆರಕ್ಕೇ ಶುರುವಾಗಲಿ ಎಂಬುದು ಅವರ ಮೊದಲ ಸಲಹೆ.

ಎರಡನೆಯ ಸಲಹೆ ಮಗುವಿನದು. ಮೂರು ವರ್ಷದ ಮಗಳನ್ನು ಪಕ್ಕದ ಕೋಣೆಯ ಅಜ್ಜಿಯ ಹತ್ತಿರ ಬಿಟ್ಟು ಬರುತ್ತಾರೆ. ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಇವರ ಕೊನೆಯ ಮನೆ ಮುಗಿಯುವುದು ಆರಕ್ಕೆ. ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆಂದು ‘ಕೂಸಿನ ಮನೆ’ಗಳನ್ನು ತೆರೆದಿದೆ. ಅದನ್ನು ಅವರು ಊರಿಗೆ ಹೋದಾಗ ಕಂಡಿದ್ದಾರೆ. “ನಮ್ಮೂರಾಗ ಕೂಸಿನ ಮನಿ ಐತ್ರೀ, ಇಷ್ಟು ದೊಡ್ಡ ಊರಾಗ ಯಾಕಿಲ್ಲ?” ಎಂದು ಕೇಳಿದರು. ಪ್ರತಿ ದೊಡ್ಡ ಸಮುಚ್ಚಯದ ಬಳಿ ಕೆಲಸದವರ ಮಕ್ಕಳಿಗೆ ಒಂದು ಕೋಣೆ, ಕೆಲಸದವರು ಬಳಸಬಹುದಾದ ಒಂದು ಶೌಚಾಲಯ. ಇದಕ್ಕೆ ಕೋಟಿಗಳು ಬೇಡ, ವಿಶ್ವಬ್ಯಾಂಕಿನ ಸಾಲವೂ ಬೇಡ. ನಗರದ ಅಭಿವೃದ್ಧಿ ಕುರಿತ ಸಭೆಗಳಲ್ಲಿ ಇಂಥ ಸಲಹೆ ಬಾರದಿರುವುದಕ್ಕೆ ಕಾರಣ ಒಂದೇ: ಆ ಹೊತ್ತಿನಲ್ಲಿ ಇವರು ಪಾತ್ರೆ ತೊಳೆಯುತ್ತಿರುತ್ತಾರೆ.

ವೈಟ್‌ಫೀಲ್ಡಿನಿಂದ ದಕ್ಷಿಣಕ್ಕೆ ಹೋದರೆ ವರ್ತೂರು. ಸುಮಾರು 445 ಎಕರೆಯ ಕೆರೆ, ಅದರ ಕೋಡಿ, ಕೋಡಿಯ ಹೆಸರಿನ ಕೂಡುರಸ್ತೆ, ಆ ಕೂಡುರಸ್ತೆಯಲ್ಲಿ ಅಲುಗಾಡದ ವಾಹನಗಳು. ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಿದ್ದ ಕಾಲವನ್ನು ಅರವತ್ತು ದಾಟಿದವರು ಈಗಲೂ ಬಾಯಿ ತುಂಬ ಹೇಳುತ್ತಾರೆ. ನೀರು ಕೆಟ್ಟ ಮೇಲೆ ಭತ್ತ ಹೋಯಿತು, ಸೊಪ್ಪು ತರಕಾರಿ ಬಂತು. ಈಗ ಆ ಜಾಗಗಳಲ್ಲೂ ಸೈಟಿನ ಕಲ್ಲುಗಳು ನಿಂತಿವೆ. ಮೇಲಿನ ಬೆಳ್ಳಂದೂರು ಕೆರೆಯಿಂದ ಹರಿದು ಬಂದ ಕೊಳಚೆ 2015ರಲ್ಲಿ ನೊರೆಯಾಗಿ ಉಕ್ಕಿ ರಸ್ತೆಯ ಮೇಲೆ ಹಾರಾಡಿದಾಗ ದೇಶವೆಲ್ಲ ವರ್ತೂರಿನ ಹೆಸರು ಕೇಳಿತು. ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಚಾಟಿ ಬೀಸಿದ ಮೇಲೆ ಹೂಳೆತ್ತುವ ಕೆಲಸ ನಡೆಯಿತು. ಇದೇ ಕಣಿವೆಯ ಕೊಳಚೆ ಶುದ್ಧವಾಗಿ 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಕೋಲಾರಕ್ಕೆ ಆಗುವುದಾದರೆ ನಮ್ಮ ಕೆರೆಗೆ ಯಾಕಾಗದು ಎಂದು ವರ್ತೂರಿನ ಹಿರಿಯರು ಕೇಳುತ್ತಾರೆ. ಕೆರೆ ಸುತ್ತ ವಾಕಿಂಗ್ ಪಾತು, ಬಣ್ಣದ ದೀಪ ಮಾಡುವ ಮೊದಲು ರಾಜಕಾಲುವೆಗೆ ಬಂದು ಸೇರುವ ಕೊಳಚೆ ಕೊಳವೆಗಳನ್ನು ಒಂದೊಂದಾಗಿ ಹುಡುಕಿ ಮುಚ್ಚಿ ಎಂಬುದು ಅವರ ಕಿವಿಮಾತು. ಅಪಾರ್ಟ್‌ಮೆಂಟಿನ ಯುವಕರೂ ಅದನ್ನೇ ಹೇಳುತ್ತಾರೆ. ಹಳಬರು, ಹೊಸಬರು ಎಂಬ ಗೋಡೆ ಈ ಊರಿನಲ್ಲಿ ತೆಳ್ಳಗಾಗುವುದು ಕೆರೆಯ ವಿಷಯದಲ್ಲಿ.

ನಾಗರಿಕರು ಸುಮ್ಮನೆ ಕೂತವರಲ್ಲ. 2013ರಲ್ಲಿ ಹುಟ್ಟಿದ ‘ವೈಟ್‌ಫೀಲ್ಡ್ ರೈಸಿಂಗ್’ ಬಳಗ ಕಸ ವಿಂಗಡಣೆ, ಕೆರೆ, ರಸ್ತೆ ಎಂದು ಬೀದಿಗಿಳಿಯಿತು. ನಗರದ ನಾಗರಿಕರು 2016ರಲ್ಲಿ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿ ದನಿ ಎತ್ತಿದಾಗ ಇಲ್ಲಿನವರಿಗೆ ಅದು ಮನೆಯ ಮಾತಾಗಿತ್ತು. ಜೋಲಾರಪೇಟೆಯ ರೈಲು ಹಳಿ 1864ರಿಂದಲೂ ಈ ಊರಿನ ಬದಿಯಲ್ಲೇ ಇದೆ. 2020ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ 148 ಕಿಲೋಮೀಟರ್ ಉಪನಗರ ಯೋಜನೆಯಲ್ಲಿ ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗಕ್ಕೆ ‘ಪಾರಿಜಾತ’ ಎಂಬ ಚೆಂದದ ಹೆಸರಿದೆ. ರೈಲು ಇನ್ನೂ ಬಂದಿಲ್ಲ. ಮೆಟ್ರೊ 2023ರ ಮಾರ್ಚಿನಲ್ಲಿ ಕೆ.ಆರ್. ಪುರದವರೆಗೆ, ಅಕ್ಟೋಬರಿನಲ್ಲಿ ಮೆಜೆಸ್ಟಿಕ್ ದಾಟಿ ಚಲ್ಲಘಟ್ಟದವರೆಗೆ ಬೆಸೆಯಿತು. ಸತ್ಯಸಾಯಿ ಆಸ್ಪತ್ರೆಯ ಹೆಸರಿನ ನಿಲ್ದಾಣದಲ್ಲಿ ಇಳಿಯುವ ದೂರದ ಜಿಲ್ಲೆಗಳ ರೋಗಿಗಳನ್ನು ಕಂಡರೆ ಈ ಹಳಿಯ ಬೆಲೆ ಗೊತ್ತಾಗುತ್ತದೆ. 2001ರಿಂದ ಹೃದಯ, ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಪುಕ್ಕಟೆ ಮಾಡುತ್ತಿರುವ ಆಸ್ಪತ್ರೆ ಅದು, ದುಬಾರಿ ಊರಿನ ನಡುವೆ. ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಸೆಕ್ಯುರಿಟಿ ಕೆಲಸದವರು, ಅಂಗಡಿಯ ಹುಡುಗರು ಮತ್ತೆ ಬಸ್ಸಿಗೋ ಬೈಕಿಗೋ ಮರಳಿದ ಕಥೆಯನ್ನು ಟೀ ಅಂಗಡಿಗಳಲ್ಲಿ ಕೇಳಬಹುದು. ಕೆಲಸದವರಿಗೆ ರಿಯಾಯಿತಿಯ ತಿಂಗಳ ಪಾಸು ಕೊಡಿ ಎಂಬ ಸಲಹೆಯೂ ಅಲ್ಲಿಯದೇ.

ಇಷ್ಟೆಲ್ಲ ಸಲಹೆಗಳು ಹೋಗಿ ಸೇರುವುದೆಲ್ಲಿ? ಈ ಊರಿನ ದೊಡ್ಡ ಕೊರತೆ ಇಲ್ಲಿದೆ. ಬೆಂಗಳೂರು ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಅಧಿಕಾರಿಗಳದ್ದೇ ಆಡಳಿತ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾದವು, ಮಹದೇವಪುರ ಮತ್ತು ಕೆ.ಆರ್. ಪುರ ಸೇರಿದ ಪೂರ್ವ ಪಾಲಿಕೆಗೆ ವೈಟ್‌ಫೀಲ್ಡ್ ಬಂತು. ಬೋರ್ಡು ಬದಲಾಯಿತು, ಆ ವರ್ಷ ಮುಗಿಯುವವರೆಗೂ ಚುನಾವಣೆ ಆಗಲಿಲ್ಲ. ಕಾರ್ಪೊರೇಟರ್ ಒಳ್ಳೆಯವನೋ ಕೆಟ್ಟವನೋ, ಅವನ ಮನೆಯ ಬಾಗಿಲು ಗೊತ್ತಿರುತ್ತಿತ್ತು ಎಂದು ಇಮ್ಮಡಿಹಳ್ಳಿಯ ಕಿರಾಣಿ ಅಂಗಡಿಯವರು ಹೇಳುತ್ತಾರೆ. ಚರಂಡಿ ಕಟ್ಟಿಕೊಂಡರೆ ಈಗ ಆ್ಯಪಿನಲ್ಲಿ ಫೋಟೊ ಹಾಕಬೇಕು. ಎಂಜಿನಿಯರು ವರ್ಗವಾದರೆ ದೂರು ಮತ್ತೆ ಮೊದಲಿನಿಂದ. ಚಪ್ಪಡಿ ಹಾಕಿಸುವವರು, ದೀಪ ಹಾಕಿಸುವವರು, ಬಸ್ಸು ಬಿಡುವವರು, ನೀರು ಕೊಡುವವರು ನಾಲ್ಕು ಬೇರೆ ಇಲಾಖೆಗಳು. ಆ ನಾಲ್ವರನ್ನೂ ಒಂದು ಬೀದಿಗೆ ಕರೆತಂದು ನಿಲ್ಲಿಸುವ ಹೊಣೆ ವಾರ್ಡಿನ ಸದಸ್ಯರದು. ಆ ಕುರ್ಚಿ ಖಾಲಿ ಇರುವಾಗ ನಿವಾಸಿಗಳ ಒಳ್ಳೆಯ ಸಲಹೆಗಳು ಅರ್ಜಿಗಳಾಗಿಯೇ ಉಳಿಯುತ್ತಿವೆ.

ಕುರ್ಚಿ ತುಂಬುವ ದಿನ ಬಂದರೆ ಮತ ಹಾಕುವವರು ಎಷ್ಟು ಮಂದಿ ಎಂಬ ಪ್ರಶ್ನೆಯೂ ಇದೆ. ಫ್ಲ್ಯಾಟಿನಲ್ಲಿರುವ ಎಷ್ಟೋ ಜನರ ಹೆಸರು ಪುಣೆ, ಕೊಚ್ಚಿ, ಹುಬ್ಬಳ್ಳಿಯ ಪಟ್ಟಿಗಳಲ್ಲಿದೆ. ಅವರ ಮನೆಯ ಕೆಲಸದವರ ಹೆಸರು ರಾಯಚೂರು, ಯಾದಗಿರಿ, ಕಲಬುರಗಿಯಲ್ಲಿದೆ. ಈ ಊರಿನ ಕಷ್ಟ ಉಣ್ಣುವವರ ಮತವೆಲ್ಲ ಬೇರೆ ಊರುಗಳಲ್ಲಿ ಹಂಚಿಹೋಗಿದೆ. ವಾಸ ಬದಲಾದವರು ನಮೂನೆ 8 ತುಂಬಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು ಎಂಬುದು ಇವರಲ್ಲಿ ಅನೇಕರಿಗೆ ತಿಳಿದೇ ಇಲ್ಲ.

ದೇವದುರ್ಗದ ಹೆಣ್ಣುಮಗಳಿಗೆ ಅದನ್ನು ಹೇಳಿದಾಗ ಬಂದ ಮೊದಲ ಪ್ರಶ್ನೆ: “ವೋಟು ಇಲ್ಲಿಗಿ ಹಾಕ್ಸಿಕೊಂಡ್ರ ಊರಾಗಿನ ರೇಷನ್ ಕಾರ್ಡು ತೆಗಿತಾರೇನ್ರೀ?” ಅವೆರಡಕ್ಕೂ ಸಂಬಂಧವಿಲ್ಲ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಅವರು ತಮ್ಮ ಪಾಲಿನ ಅಕ್ಕಿಯನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು. ಶೀಟಿನ ಮನೆಯ ಮಾಲೀಕ ಬಾಡಿಗೆ ಕರಾರು ಬರೆದುಕೊಟ್ಟಿಲ್ಲ ಎಂಬುದು ಅವರ ಮುಂದಿನ ಅಡ್ಡಿ. ಬೇರೆ ದಾಖಲೆ ಇಲ್ಲದಿದ್ದರೆ ಮತಗಟ್ಟೆ ಅಧಿಕಾರಿ ಮನೆಗೇ ಬಂದು ಪರಿಶೀಲಿಸುವ ಅವಕಾಶವಿದೆ ಎಂದು ಅವರು ಅಡುಗೆ ಮಾಡುವ ಮನೆಯ ಯಜಮಾನಿ ವಿವರಿಸಿದರು. ಭಾನುವಾರ ಆಧಾರ್ ಕಾರ್ಡು ತಗೊಂಡು ಬಾಮ್ಮ, ಇಬ್ಬರದ್ದೂ ಒಟ್ಟಿಗೇ ತುಂಬೋಣ ಎಂದರು. ಆ ಯಜಮಾನಿಯ ಮತವೂ ಇನ್ನೂ ಮಂಗಳೂರಿನಲ್ಲೇ ಇದೆ. ವಾರ್ಡಿಗೆ ಯಾರೇ ಗೆದ್ದು ಬರಲಿ, ಅವರ ಮುಂದೆ ಮೊದಲು ಇಡುವುದು ಬೆಳಿಗ್ಗೆ ಆರರ ಬಸ್ಸಿನ ಬೇಡಿಕೆಯನ್ನೇ ಎಂದು ದೇವದುರ್ಗದವರು ಈಗಲೇ ನಿಶ್ಚಯಿಸಿದ್ದಾರೆ.