ಸೌಂದರ್ಯ ಪ್ರಸಾಧನಗಳಲ್ಲಿ ಅಡಗಿರುವ ವಿಷದ್ರವ್ಯಗಳು

ಕುಬಿಹಾಳವೂ ಸೇರಿದಂತೆ ಕುಂದಗೋಳ ಸೀಮೆಯ ಎರೆಭೂಮಿಗೆ ಬ್ಯಾಡಗಿ ಮೆಣಸಿನಕಾಯಿ ಪರಿಚಿತವಾದ ಬೆಳೆ. ಈ ಕಾಯಿಗೆ ಖಾರಕ್ಕಿಂತ ಬಣ್ಣವೇ ಹಿರಿಮೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಇದರಿಂದ ಓಲಿಯೋರೆಸಿನ್ ಎಂಬ ಕೆಂಪು ಸತ್ವವನ್ನು ತೆಗೆಯುತ್ತಾರೆ. ಅದು ಆಹಾರ ಪದಾರ್ಥಗಳಿಗೆ ಮಾತ್ರವಲ್ಲದೆ ತುಟಿಬಣ್ಣ, ಉಗುರುಬಣ್ಣಗಳ ತಯಾರಿಕೆಗೂ ಬಳಕೆಯಾಗುತ್ತದೆ. ಹೀಗೆ ಈ ನೆಲದ ಕೆಂಪು ದೂರದ ಪಟ್ಟಣಗಳ ಪ್ರಸಾಧನ ಸಾಮಗ್ರಿಯನ್ನು ಸೇರುತ್ತಿರುವಾಗ, ಹಳ್ಳಿಯ ಸಂತೆ-ಜಾತ್ರೆಗಳಲ್ಲಿ ತಯಾರಕನ ಹೆಸರಾಗಲಿ ವಿಳಾಸವಾಗಲಿ ಇಲ್ಲದ ಇನ್ನೊಂದು ಕೆಂಪು ಪುಡಿ ಕುಂಕುಮವೆಂಬ ಹೆಸರಿನಿಂದ ಮಾರಾಟವಾಗುವುದು ವಿಪರ್ಯಾಸವೇ ಸರಿ. ಎರಡೂ ಕೆಂಪೇ. ಆದರೆ ಆ ಕೆಂಪು ಎಲ್ಲಿಂದ ಬಂದಿತು ಎಂಬ ಪ್ರಶ್ನೆಯನ್ನು ಕೊಳ್ಳುವವರು ಕೇಳುವುದಿಲ್ಲ. ಪ್ರಸಾಧನಗಳ ಅಪಾಯವೆಲ್ಲ ಹೆಚ್ಚುಕಡಿಮೆ ಈ ಕೇಳದ ಪ್ರಶ್ನೆಯಲ್ಲಿಯೇ ಅಡಗಿದೆ.

ಬಣ್ಣ ಬರುವುದು ಸಸ್ಯದಿಂದ, ಕಲ್ಲಿದ್ದಲಿನ ಟಾರಿನಿಂದ ಹುಟ್ಟಿದ ಕೃತಕ ರಾಸಾಯನಿಕಗಳಿಂದ, ಇಲ್ಲವೆ ಖನಿಜಗಳಿಂದ. ಖನಿಜದ ಬಣ್ಣಗಳು ನಮ್ಮವರಿಗೆ ಹೊಸವಲ್ಲ. ಬಯಲಾಟದ ವೇಷಧಾರಿಗಳು ಮುಖಕ್ಕೆ ಬಳಿಯುತ್ತಿದ್ದ ಹಳದಿಯ ಅರದಾಳವು ಗಂಧಕ ಮತ್ತು ಆರ್ಸೆನಿಕ್‌ಗಳ ಸಂಯುಕ್ತ. ಕೆಂಪಿನ ಇಂಗಳೀಕವು ಗಂಧಕ ಮತ್ತು ಪಾದರಸಗಳ ಸಂಯುಕ್ತ. ಇವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದುದರಿಂದ ಇವುಗಳ ದೋಷ ಕೂಡಲೇ ಕಣ್ಣಿಗೆ ಬೀಳಲಿಲ್ಲ. ಪೂರ್ವಿಕರು ಬಳಸಿದರೆಂಬ ಮಾತ್ರಕ್ಕೆ ಒಂದು ವಸ್ತು ನಿರಪಾಯವಾಗಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕುಂಕುಮದ ವಿಷಯವನ್ನು ತುಸು ವಿವರವಾಗಿ ನೋಡಬೇಕು. ಅರಿಸಿನಕ್ಕೆ ಸುಣ್ಣದ ಕ್ಷಾರ ಸೇರಿದರೆ ಅದರಲ್ಲಿರುವ ಕರ್ಕ್ಯುಮಿನ್ ಕೆಂಪಾಗುತ್ತದೆ. ಸಾಂಪ್ರದಾಯಿಕ ಕುಂಕುಮದ ಮೂಲತತ್ವ ಇಷ್ಟೇ. ಈ ಶ್ರಮವನ್ನು ಉಳಿಸಲೆಂದು ಅಗ್ಗದ ಪುಡಿಗೆ ಕೃತಕ ಬಣ್ಣವನ್ನು ಬೆರೆಸುತ್ತಾರೆ. ಹಣೆಯಲ್ಲಿ ತುರಿಕೆ ಎದ್ದು, ಕ್ರಮೇಣ ಅಲ್ಲಿ ಕಪ್ಪು ಕಲೆ ನಿಲ್ಲುವುದನ್ನು ಚರ್ಮವೈದ್ಯರು ಬಹುಕಾಲದಿಂದ ಗುರುತಿಸಿದ್ದಾರೆ. ಇದಕ್ಕಿಂತ ಕೆಟ್ಟದ್ದು ಸಿಂಧೂರದಲ್ಲಿ ಕಾಣುವ ಸೀಸ. ಹನುಮಂತ ದೇವರಿಗೆ ಬಳಿಯುವ ಕಿತ್ತಳೆಗೆಂಪು ಸಿಂಧೂರವು ಎಷ್ಟೋ ವೇಳೆ ಸೀಸದ ಆಕ್ಸೈಡೇ ಆಗಿರುತ್ತದೆ. 2017ರಲ್ಲಿ ಅಮೆರಿಕೆಯ ನ್ಯೂಜೆರ್ಸಿಯ ಸಂಶೋಧಕರು 118 ಸಿಂಧೂರ ಮಾದರಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಭಾರತದಲ್ಲಿ ಕೊಂಡ 23 ಮಾದರಿಗಳ ಪೈಕಿ ಶೇಕಡಾ 43ರಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 20 ಭಾಗವನ್ನು ಮೀರಿತ್ತು. ಪ್ರಸಾಧನದ ಬಣ್ಣಗಳಲ್ಲಿ ಸೀಸಕ್ಕೆ ನಮ್ಮ ದೇಶದ ನಿಯಮ ಹಾಕಿರುವ ಮಿತಿಯೂ ಅದೇ 20 ಭಾಗ.

ಹಣೆಗಿಟ್ಟ ಸೀಸವು ಚರ್ಮದ ಮೂಲಕ ಹೆಚ್ಚಾಗಿ ಒಳಗಿಳಿಯುವುದಿಲ್ಲ. ಅದು ಬೆರಳಿನಿಂದ ಬಾಯಿಗೆ, ತಾಯಿಯ ಹಣೆಯಿಂದ ಕಂಕುಳಿನ ಕೂಸಿನ ಕೈಗೆ ಹೋಗುತ್ತದೆ. ಮಗುವಿನ ಬೆಳೆಯುವ ಮಿದುಳಿಗೆ ಇಷ್ಟು ಸೀಸ ನಿರಪಾಯಕರ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಕಲಿಕೆಯಲ್ಲಿ ಹಿಂದುಳಿಯುವಿಕೆ, ಏಕಾಗ್ರತೆಯ ಕೊರತೆ, ರಕ್ತಹೀನತೆ ಇವೆಲ್ಲ ಅದರ ಫಲ. ತರಗತಿಯಲ್ಲಿ ‘ದಡ್ಡ’ನೆನಿಸಿಕೊಂಡ ಹುಡುಗನ ರಕ್ತದಲ್ಲಿ ಏನಿದೆಯೆಂದು ಯಾವ ಶಿಕ್ಷಕನಿಗೆ ತಾನೇ ತಿಳಿದೀತು? ನಮ್ಮ ನಾಡಿನಲ್ಲಿ ಈ ಅರಿವನ್ನು ಬಿತ್ತಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಶಾಸ್ತ್ರಜ್ಞ ಡಾ. ತುಪ್ಪಿಲ್ ವೆಂಕಟೇಶ್ ಅವರು ಅಗ್ರಗಣ್ಯರು. ಸೀಸದ ವಿಷಬಾಧೆಗೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ಅವರು ಅಲ್ಲಿ ನಡೆಸಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ತೊಲಗಿತು. ಅಂಗಡಿಯ ಬಿಡಿ ಪುಡಿಗಳಿಂದ ಇನ್ನೂ ತೊಲಗಿಲ್ಲ.

ಶಾಲೆಯ ಪ್ರಯೋಗಶಾಲೆಯಲ್ಲಿ ಮಕ್ಕಳಿಂದಲೇ ಮಾಡಿಸಬಹುದಾದ ಒಂದು ಸುಲಭ ಪರೀಕ್ಷೆಯಿದೆ. ಚಿಟಿಕೆ ಕುಂಕುಮಕ್ಕೆ ನಿಂಬೆರಸ ಹಿಂಡಿದರೆ, ಅರಿಸಿನ-ಸುಣ್ಣದ್ದಾಗಿದ್ದಲ್ಲಿ ಅದು ಹಳದಿಗೆ ತಿರುಗುತ್ತದೆ. ಕೆಂಪಾಗಿಯೇ ಉಳಿದರೆ ಬೇರೆ ಬಣ್ಣ ಬೆರೆತಿದೆಯೆಂದು ಶಂಕಿಸಬೇಕು. ಆದರೆ ಈ ಪರೀಕ್ಷೆಗೆ ಮಿತಿಯುಂಟು. ಹಳದಿಗೆ ತಿರುಗಿದ ಮಾತ್ರಕ್ಕೆ ಸೀಸವಿಲ್ಲವೆಂದು ತಿಳಿಯಲಾಗದು. ಅರಿಸಿನಕ್ಕೇ ಹೊಳಪಿಗಾಗಿ ಲೆಡ್ ಕ್ರೋಮೇಟ್ ಬೆರೆಸಿದ್ದು ಬಾಂಗ್ಲಾದೇಶದಲ್ಲಿ 2019ರಲ್ಲಿ ಬಯಲಾಯಿತು. ಅರಿಸಿನ ಕೊಂಬನ್ನು ಕೊಂಡು ಮನೆಯಲ್ಲಿಯೇ ತೊಳೆದು ಕುಟ್ಟಿಸುವ ಹಳೆಯ ಪದ್ಧತಿ ಈ ದೃಷ್ಟಿಯಿಂದ ಮೇಲು. ಅಂಟಿಸುವ ಬಿಂದಿಗಳದು ಬೇರೆ ಬಗೆಯ ತೊಂದರೆ. ಅವುಗಳ ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯೂಟೈಲ್ ಫಿನಾಲ್ ಎಂಬ ವಸ್ತು ಕೆಲವರ ಹಣೆಯಲ್ಲಿ ಬಿಳಿ ಮಚ್ಚೆಯನ್ನು ಮೂಡಿಸುತ್ತದೆ. ಮದುವೆಗೆ ಬಂದ ಕನ್ಯೆಯ ಹಣೆಯ ಮೇಲಣ ಅಂಥ ಮಚ್ಚೆ ನಮ್ಮ ಸಮಾಜದಲ್ಲಿ ಎಷ್ಟು ಅನ್ಯಾಯದ ಮಾತುಗಳಿಗೆ ಕಾರಣವಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮೈಬಣ್ಣವನ್ನು ಬೆಳ್ಳಗಾಗಿಸುವ ಲೇಪಗಳು. ಇಂದು ಅತ್ಯಂತ ಎಚ್ಚರ ಬೇಕಾದುದು ಇಲ್ಲಿಯೇ. ಪಾದರಸದ ಲವಣಗಳು ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಉತ್ಪತ್ತಿಯಾಗುವುದನ್ನು ತಡೆಯುತ್ತವೆ. ವಾರ ಕಳೆಯುವುದರೊಳಗೆ ಮುಖ ತಿಳಿಯಾದಂತೆ ತೋರಿದಾಗ ಕೊಂಡವರು ಮೆಚ್ಚುತ್ತಾರೆ, ನೆರೆಯವರಿಗೂ ಹೇಳುತ್ತಾರೆ. ಆದರೆ ಆ ಪಾದರಸ ಚರ್ಮವನ್ನು ದಾಟಿ ರಕ್ತಕ್ಕಿಳಿದು ಮೂತ್ರಪಿಂಡದಲ್ಲಿ ನೆಲೆಸುತ್ತದೆ. ನೆರೆಯ ಕೇರಳದ ಕೋಟಕ್ಕಲ್ಲಿನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ವೈದ್ಯರು ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ರೋಗದ 22 ಪ್ರಕರಣಗಳನ್ನು ಕಂಡರು. ಅವುಗಳಲ್ಲಿ 15 ಒಂದು ವಿಶಿಷ್ಟ ಬಗೆಯವಾಗಿದ್ದು, ಆ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಲೇಪವನ್ನು ಬಳಸಿದವರಾಗಿದ್ದರು. ಕಾಲು ಬಾತುಕೊಳ್ಳುವುದು, ಮೂತ್ರದಲ್ಲಿ ನೊರೆ ಕಾಣುವುದು ಇದರ ಲಕ್ಷಣ. ಇಂಥ ಲಕ್ಷಣ ಕಂಡಾಗ ರೋಗಿ ತನ್ನ ಮುಖಲೇಪದ ಡಬ್ಬಿಯನ್ನೂ ವೈದ್ಯರಿಗೆ ತೋರಿಸುವುದು ಅವಶ್ಯ. ತಾವಾಗಿ ಕೇಳುವ ವೈದ್ಯರು ವಿರಳ.

ಪಾದರಸದ ಉಪದ್ರವವನ್ನು ಜಗತ್ತು 1956ರಲ್ಲಿ ಜಪಾನಿನ ಮಿನಮಾಟಾ ಎಂಬ ಮೀನುಗಾರರ ಊರಿನಲ್ಲಿ ಕಂಡಿತು. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ರೂಪುಗೊಂಡು 2017ರಲ್ಲಿ ಜಾರಿಗೆ ಬಂದಿತು. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು. ಆದಾಗ್ಯೂ ಹೊರದೇಶದ ಲಿಪಿಯ ಚೀಟಿ ಹೊತ್ತ, ಘಟಕಗಳ ಪಟ್ಟಿಯೇ ಇಲ್ಲದ ಲೇಪಗಳು ಅಂಗಡಿಗೂ ಮೊಬೈಲ್ ಮೂಲಕ ಮನೆಯ ಬಾಗಿಲಿಗೂ ಬರುತ್ತಲೇ ಇವೆ. ಕೆಲೊಮೆಲ್, ಮರ್ಕ್ಯುರಿಕ್ ಅಯೋಡೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಹೆಸರುಗಳು ಕಂಡರೆ ಅಂಥದನ್ನು ಮುಟ್ಟಬಾರದು. ಯಾವ ಹೆಸರೂ ಇಲ್ಲದಿದ್ದರಂತೂ ಸಂಶಯ ಇಮ್ಮಡಿಯಾಗಬೇಕು.

ಇದಕ್ಕೆ ಹೊಂದಿಕೊಂಡಂತಿರುವ ಇನ್ನೊಂದು ಪಿಡುಗು, ಔಷಧದ ಅಂಗಡಿಯ ಸ್ಟೀರಾಯ್ಡ್ ಮುಲಾಮು. ಬೀಟಾಮೆಥಸೋನ್, ಕ್ಲೊಬೆಟಸಾಲ್ ಮುಂತಾದವು ಚರ್ಮರೋಗಕ್ಕೆ ಒಳ್ಳೆಯ ಔಷಧಗಳೇ. ಅವನ್ನು ಪೌಡರಿನಂತೆ ನಿತ್ಯ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಾಣುತ್ತವೆ. ಬಿಟ್ಟೊಡನೆ ಉರಿ, ಮೊಡವೆ ಉಲ್ಬಣಿಸುತ್ತವೆ. 2018ರಲ್ಲಿ ಕೇಂದ್ರ ಸರಕಾರವು ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಕಪ್ಪು ಬಣ್ಣ ಒಂದು ಕೊರತೆಯೆಂಬ ಭಾವನೆ ಇರುವವರೆಗೆ ಚೀಟಿಯ ನಿಯಮವೊಂದೇ ಎಷ್ಟು ತಡೆದೀತು ಎಂಬುದು ಬೇರೆ ಮಾತು.

ಕೂದಲಿಗೆ ಹಚ್ಚುವ ಕಪ್ಪು ಬಣ್ಣದಲ್ಲಿ ಪ್ಯಾರಾ ಫಿನೈಲಿನ್ ಡೈಅಮೈನ್ ಎಂಬ ವಸ್ತುವಿರುತ್ತದೆ. ಕೆಲವರಿಗೆ ಇದು ಒಗ್ಗದೆ ತಲೆ, ಮುಖ, ಕಣ್ಣಿನ ರೆಪ್ಪೆಗಳು ಬಾತುಕೊಳ್ಳುತ್ತವೆ. ಬಳಸುವ ಮುನ್ನ ಚರ್ಮದ ಒಂದು ಮೂಲೆಗೆ ಹಚ್ಚಿ 24 ಗಂಟೆ ಕಾಯಬೇಕೆಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ, ಓದುವವರು ಕಡಿಮೆ. ಮದುವೆಯ ಮನೆಗಳಲ್ಲಿ ‘ಕಪ್ಪು ಮದರಂಗಿ’ ಎಂದು ಕೈಗೆ ಬಿಡಿಸುವುದರಲ್ಲಿಯೂ ಬಹುಮಟ್ಟಿಗೆ ಇದೇ ವಸ್ತುವಿರುತ್ತದೆ. ಮದರಂಗಿ ಎಲೆಯ ಸಹಜ ಬಣ್ಣ ಕಿತ್ತಳೆಗೆಂಪು, ಕಂದು. ಗಳಿಗೆಯಲ್ಲಿ ಕಪ್ಪಾಗುವ ಮದರಂಗಿ ಮದರಂಗಿಯಲ್ಲ. ಈ ಕೂದಲ ಬಣ್ಣ ಅಕಸ್ಮಾತ್ ಹೊಟ್ಟೆಗೆ ಹೋದರೆ ಗಂಟಲು ಬಾತು ಉಸಿರು ಕಟ್ಟುತ್ತದೆ, ಬಳಿಕ ಮೂತ್ರಪಿಂಡ ಕೆಡುತ್ತದೆ. ಅದಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲದ ಕಾರಣ ಒಂದು ನಿಮಿಷವನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಮನೆಯಲ್ಲಿ ಅದನ್ನು ಕೀಟನಾಶಕದಂತೆಯೇ ಬೀಗದೊಳಗೆ ಇಡುವುದು ಲೇಸು.

‘ರಾಸಾಯನಿಕ’ವೆಂದೊಡನೆ ಬೆಚ್ಚುವುದೂ ಸರಿಯಲ್ಲ. ಪ್ರಸಾಧನ ಕೆಡದಂತೆ ಬೆರೆಸುವ ಪ್ಯಾರಬೆನ್‌ಗಳ ಬಗ್ಗೆ ಬಹಳ ಗುಲ್ಲೆದ್ದಿದೆ. ಯುರೋಪು 2014ರಲ್ಲಿ ಅವುಗಳಲ್ಲಿ ಐದನ್ನು ನಿಷೇಧಿಸಿ, ಮೀಥೈಲ್, ಈಥೈಲ್ ಪ್ಯಾರಬೆನ್‌ಗಳನ್ನು ಮಿತಿಯೊಳಗೆ ಉಳಿಸಿಕೊಂಡಿತು. ಪರೀಕ್ಷೆಗೊಳಪಟ್ಟು ಹೆಸರು ಹೇಳಿಕೊಳ್ಳುವ ರಾಸಾಯನಿಕಕ್ಕಿಂತ ‘ಶುದ್ಧ ಗಿಡಮೂಲಿಕೆ’ ಎಂಬ ಮುಸುಕಿನ ಅನಾಮಧೇಯ ಪುಡಿಯೇ ಹೆಚ್ಚು ಭಯಂಕರ. ಮನೆಯ ಹರಳೆಣ್ಣೆ ದೀಪದ ಕಾಡಿಗೆಯಲ್ಲಿ ಸೀಸವಿರುವುದಿಲ್ಲ. ಆದರೂ ಬೆರಳಿನಿಂದ ಹಸುಗೂಸಿನ ಕಣ್ಣಿಗೆ ತೀಡಿದರೆ ಸೋಂಕು ತಪ್ಪಿದ್ದಲ್ಲ. ಅಂಗಡಿಯ ಸುರಮದಲ್ಲಿ ಸೀಸದ ಸಲ್ಫೈಡ್ ಇರುವುದು ಹಲವು ಕಡೆ ದೃಢಪಟ್ಟಿರುವುದರಿಂದ ಅದನ್ನು ಮಕ್ಕಳ ಕಣ್ಣಿಗೆ ಹಚ್ಚಲೇಬಾರದು.

1940ರ ಔಷಧ ಮತ್ತು ಪ್ರಸಾಧನ ಕಾಯಿದೆ, 2020ರ ಪ್ರಸಾಧನ ನಿಯಮಗಳು ಸೀಸ ಹಾಗೂ ಆರ್ಸೆನಿಕ್‌ಗಳ ಬಣ್ಣವನ್ನು ನಿಷೇಧಿಸಿವೆ. ತಯಾರಕನ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ, ಅವಧಿ ತೀರುವ ದಿನಾಂಕಗಳನ್ನು ಕೇಳುತ್ತವೆ. ಶಾಲೆಯ ಸ್ನೇಹ ಸಮ್ಮೇಳನ ಬಂದಾಗ ನೂರಾರು ಮಕ್ಕಳ ಮುಖಕ್ಕೆ ಒಂದೇ ಡಬ್ಬಿಯ ಬಣ್ಣ, ಒಂದೇ ಕುಂಚ ಓಡಾಡುತ್ತದೆ. ಆ ಡಬ್ಬಿಯನ್ನು ಕೊಳ್ಳುವ ಶಿಕ್ಷಕರು ಈ ಐದು ವಿವರಗಳನ್ನು ನೋಡಿ ಕೊಳ್ಳಬೇಕು; ಬೆಳ್ಳಿ-ಬಂಗಾರದ ಹೊಳಪಿನ ಬಿಡಿ ಪುಡಿಯನ್ನು ಕೊಳ್ಳಬಾರದು; ಬಣ್ಣವನ್ನು ಹಿಂದಿನ ದಿನವೇ ಮಗುವಿನ ಮುಂಗೈಯ ಒಳಬದಿಗೆ ಹಚ್ಚಿ ನೋಡಬೇಕು; ಆಟ ಮುಗಿದೊಡನೆ, ಊಟಕ್ಕೆ ಕುಳಿತುಕೊಳ್ಳುವ ಮೊದಲೇ, ಕೊಬ್ಬರಿ ಎಣ್ಣೆಯಿಂದ ಒರೆಸಿ ಸಾಬೂನಿನಿಂದ ಮುಖ, ಕೈಗಳನ್ನು ತೊಳೆಯಿಸಬೇಕು.