ಮೂರು ಸುಳಿಗಳ ಮುದ್ರೆ

ಭಾನುವಾರದ ಬೆಳಗಿನಲ್ಲಿ ಬಿಳಿಯ ಅಂಗಿ, ಬಿಳಿಯ ಷರಾಯಿ ತೊಟ್ಟು, ಸೊಂಟಕ್ಕೆ ಬಣ್ಣದ ಪಟ್ಟಿ ಬಿಗಿದು ಕರಾಟೆಯ ಪಾಠಕ್ಕೆ ಹೊರಡುವ ಬಾಲಕ ಬಾಲಕಿಯರು ಇಂದು ನಮ್ಮ ನಗರಗಳಲ್ಲಿ ಅಪರೂಪದ ದೃಶ್ಯವೇನಲ್ಲ. ಆ ಅಂಗಿಯ ಎದೆಯ ಮೇಲೆ ಒಂದು ಪುಟ್ಟ ಚಿತ್ರವನ್ನು ಹೊಲಿದಿರುತ್ತಾರೆ. ಒಬ್ಬನದರಲ್ಲಿ ವೃತ್ತದೊಳಗೆ ಬಾಗಿ ನಿಂತ ಹುಲಿ; ಇನ್ನೊಬ್ಬಳದರಲ್ಲಿ ಬಿಗಿದ ಮುಷ್ಟಿ; ಮತ್ತೊಬ್ಬನದರಲ್ಲಿ ಒಂದನ್ನೊಂದು ಬೆನ್ನಟ್ಟುತ್ತಿರುವಂತೆ ತೋರುವ ಮೂರು ಸುಳಿಗಳು. ಅಂಗಿಯನ್ನು ಒಗೆದು ಹರವುವ ತಾಯಿ “ಇದೇನು ಮಗು?” ಎಂದು ಕೇಳಿದರೆ, “ನಮ್ಮ ಶಾಲೆಯ ಗುರುತು, ಅಮ್ಮ” ಎಂಬಷ್ಟೇ ಉತ್ತರ ದೊರೆಯುವುದು ವಾಡಿಕೆ.

ಉತ್ತರ ಸುಳ್ಳಲ್ಲ. ಆದರೆ ಆ ಬಟ್ಟೆಯ ತುಂಡಿನ ಹಿಂದೆ ಸಿಂಹಾಸನ ಕಳೆದುಕೊಂಡ ಒಬ್ಬ ದೊರೆಯಿದ್ದಾನೆ. ಸಹಿ ಹಾಕಲೊಲ್ಲದೆ ಪ್ರಾಣ ತೆತ್ತ ಒಬ್ಬ ಮಂತ್ರಿಯಿದ್ದಾನೆ. ಐದು ಬಾರಿ ಉರಿದುಹೋದ ಒಂದು ಅರಮನೆಯಿದೆ. ಅವೆಲ್ಲವೂ ಒಕಿನಾವಾ ಎಂಬ ಪುಟ್ಟ ದ್ವೀಪಕ್ಕೆ ಸೇರಿದವು. ಕರಾಟೆಯ ತವರುಮನೆಯೂ ಅದೇ.

ದೊರೆಮನೆಯ ಲಾಂಛನ

ಜಪಾನಿನ ಕ್ಯೂಷೂ ದ್ವೀಪಕ್ಕೂ ತೈವಾನಿಗೂ ನಡುವೆ, ಸಮುದ್ರದಲ್ಲಿ ಹರಡಿದ ಮಣಿಸರದಂತೆ ರ್ಯೂಕ್ಯೂ ದ್ವೀಪಗಳಿವೆ. ಅವುಗಳಲ್ಲಿ ದೊಡ್ಡದು ಒಕಿನಾವಾ. ಒಮ್ಮೆ ಅಲ್ಲಿ ಮೂರು ಚಿಕ್ಕ ರಾಜ್ಯಗಳಿದ್ದವು. 1429ರಲ್ಲಿ ಷೋ ಹಷಿ ಎಂಬ ದೊರೆ ಅವುಗಳನ್ನು ಒಂದುಗೂಡಿಸಿ ಷುರಿ ಎಂಬಲ್ಲಿ ನೆಲೆಯೂರಿದನು. ಚೀನಾ, ಕೊರಿಯಾ, ಜಪಾನ್, ಸಯಾಮ್, ಮಲಾಕಾಗಳೊಡನೆ ವ್ಯಾಪಾರ ಮಾಡಿ ಆ ರಾಜ್ಯ ಸಂಪನ್ನವಾಯಿತು.

ಆ ರಾಜವಂಶದ ಮುದ್ರೆಯೇ ಮೂರು ಸುಳಿಗಳ ಚಿತ್ರ. ದುಂಡನೆಯ ತಲೆ, ಕ್ರಮೇಣ ಸಪೂರವಾಗುವ ಬಾಲ. ಅಂಥ ಮೂರು ಆಕಾರಗಳು ಒಂದೇ ವೃತ್ತದೊಳಗೆ ಸುತ್ತುತ್ತವೆ. ಒಂದೊಂದು ಆಕಾರಕ್ಕೂ ‘ತೊಮೊಎ’ ಎಂದು ಹೆಸರು. ದೊರೆಮನೆಯ ಮುದ್ರೆಯಾದ್ದರಿಂದ ಒಕಿನಾವಾದವರು ಅದನ್ನು ‘ಹಿದಾರಿ ಗೊಮೊನ್’, ಎಂದರೆ ಎಡಸುಳಿಯ ಶ್ರೀಮುದ್ರೆ ಎಂದು ಗೌರವದಿಂದ ಕರೆದರು.

ತೊಮೊಎ ಒಕಿನಾವಾಕ್ಕೆ ಮಾತ್ರ ಸೇರಿದ್ದಲ್ಲ. ಜಪಾನಿನಲ್ಲಿ ಅದು ಯುದ್ಧದೇವತೆಯಾದ ಹಚಿಮಾನನ ಗುಡಿಗಳ ಗುರುತು. ಗುಡುಗಿನ ದೇವತೆಯ ನಗಾರಿಗಳ ಮೇಲೆಯೂ ಅದನ್ನು ಚಿತ್ರಿಸುತ್ತಾರೆ. ಸುಳಿಯ ಆಕಾರ ನೀರನ್ನು ನೆನಪಿಗೆ ತರುವುದರಿಂದ, ಮನೆಗೆ ಬೆಂಕಿ ತಗಲದಿರಲೆಂದು ಮಾಡಿನ ಹಂಚುಗಳ ಮೇಲೆ ಅದನ್ನು ಅಚ್ಚೊತ್ತುವ ಪದ್ಧತಿಯೂ ಉಂಟು. 1461ರಿಂದ 1469ರವರೆಗೆ ಆಳಿದ ಷೋ ತೊಕು ಎಂಬ ದೊರೆ ಹಚಿಮಾನನ ಭಕ್ತನಾಗಿದ್ದನೆಂದೂ, ಆ ದೇವತೆಯ ಗುರುತನ್ನೇ ತನ್ನ ವಂಶದ ಗುರುತಾಗಿ ಸ್ವೀಕರಿಸಿದನೆಂದೂ ಪ್ರತೀತಿಯಿದೆ.

ಎಣ್ಣೆಯ ಕೊಪ್ಪರಿಗೆಯ ಕಥೆ

ಕರಾಟೆಯ ಗರಡಿಗಳಲ್ಲಿ ಹೇಳುವ ಕಥೆ ಬೇರೆ. ಅದು ಮೈನವಿರೇಳಿಸುವಂಥದು.

1609ರಲ್ಲಿ ಕ್ಯೂಷೂ ದ್ವೀಪದ ಸತ್ಸುಮಾ ಪ್ರಾಂತದ ಸೈನ್ಯ ರ್ಯೂಕ್ಯೂವನ್ನು ಮುತ್ತಿ ಗೆದ್ದಿತು. ದೊರೆ ಷೋ ನೇಯಿಯನ್ನೂ ಅವನ ಮಂತ್ರಿಗಳನ್ನೂ ಸೆರೆಹಿಡಿದು ಒಯ್ದರು. ಸತ್ಸುಮಾಕ್ಕೆ ಅಧೀನರಾಗಿರುವೆವೆಂಬ ಪ್ರತಿಜ್ಞಾಪತ್ರಕ್ಕೆ ದೊರೆ ಸಹಿ ಮಾಡಿದ ಮೇಲೆ, 1611ರಲ್ಲಿ, ಅವನಿಗೆ ಹಿಂದಿರುಗಲು ಅನುಮತಿ ದೊರೆಯಿತು. ಆದರೆ ಮೂವರು ಹಿರಿಯ ಮಂತ್ರಿಗಳಲ್ಲಿ ಒಬ್ಬನಾದ ಜಾನಾ ಉಎಕಾತಾ ಎಂಬಾತನು ಸಹಿ ಹಾಕಲು ಒಪ್ಪಲಿಲ್ಲ.

ಕಥೆ ಹೀಗೆ ಸಾಗುತ್ತದೆ: ಅವನನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ನೂಕಬೇಕೆಂದು ಆಜ್ಞೆಯಾಯಿತು. ಕೊಪ್ಪರಿಗೆಯ ಅಂಚಿಗೆ ಬಂದಾಗ ಅವನು ಎಡಬಲಗಳಲ್ಲಿದ್ದ ಇಬ್ಬರು ಕೊಲೆಗಡುಕರನ್ನು ಗಪ್ಪನೆ ಹಿಡಿದು, ಅವರೊಡನೆ ತಾನೂ ಹಾರಿದನು. ಮೂರು ದೇಹಗಳು ಎಣ್ಣೆಯಲ್ಲಿ ಒಂದರ ಹಿಂದೊಂದು ಸುತ್ತತೊಡಗಿದವು. ಆ ನೋಟವೇ ಮೂರು ಸುಳಿಗಳ ಮುದ್ರೆಯಾಯಿತು!

ಇತಿಹಾಸ ಈ ಕಥೆಯನ್ನು ಒಪ್ಪುವುದಿಲ್ಲ. ಜಾನಾ ಸಹಿ ಹಾಕದಿದ್ದುದು ನಿಜ. 1611ರಲ್ಲಿ ಅದಕ್ಕಾಗಿ ಪ್ರಾಣ ತೆತ್ತುದೂ ನಿಜ. ಆದರೆ ಅವನಿಗಾದದ್ದು ಶಿರಚ್ಛೇದ. ಮುದ್ರೆಯಾದರೋ, ಪ್ರತೀತಿಯನ್ನು ನಂಬುವುದಾದರೆ, ಅವನಿಗಿಂತ ನೂರೈವತ್ತು ವರ್ಷ ಹಿರಿದು. ಹಾಗಾದರೆ ಜನ ಈ ಕಥೆಯನ್ನೇಕೆ ಕಟ್ಟಿಕೊಂಡರು? ಸೋತ ನಾಡಿನ ಜನಕ್ಕೆ ತಮ್ಮ ದೊರೆ ಸಹಿ ಹಾಕಿದನೆಂಬುದು ನೋವಿನ ನೆನಪು. ಸಹಿ ಹಾಕದವನೊಬ್ಬನಿದ್ದನೆಂಬುದೇ ಅವರ ಸಮಾಧಾನ. ಹಳೆಯ ಮುದ್ರೆಯನ್ನು ನೋಡಿದಾಗಲೆಲ್ಲ ಅವನ ನೆನಪಾಗಲೆಂದು, ಅವನ ಮರಣವನ್ನು ಅದರೊಳಗೆ ಬರೆದಿಟ್ಟರು.

ಒಡೆಯನಿಲ್ಲದ ಮುದ್ರೆ

1879ರಲ್ಲಿ ಜಪಾನ್ ಸರಕಾರ ರ್ಯೂಕ್ಯೂ ರಾಜ್ಯವನ್ನು ಅಳಿಸಿ ಒಕಿನಾವಾ ಪ್ರಾಂತವೆಂದು ಹೆಸರಿಟ್ಟಿತು. ಕೊನೆಯ ದೊರೆ ಷೋ ತಾಯಿ ಷುರಿಯನ್ನು ಬಿಟ್ಟು ಟೋಕಿಯೋದಲ್ಲಿ ನೆಲೆಸಬೇಕಾಯಿತು. 1901ರಲ್ಲಿ ಅವನು ತೀರಿಕೊಂಡನು. ದೊರೆಯನ್ನು ಆಶ್ರಯಿಸಿದ್ದ ಮನೆತನಗಳು ಒಮ್ಮೆಲೇ ನಿರಾಧಾರವಾದವು. ಆಸ್ತಿ ಹೋಯಿತು, ಅಧಿಕಾರ ಹೋಯಿತು. ರಾತ್ರಿಯ ಹೊತ್ತು ಹಿತ್ತಲಿನಲ್ಲಿ ಗುಟ್ಟಾಗಿ ಕಲಿತಿದ್ದ ಕೈವರಸೆಯೊಂದು ಉಳಿಯಿತು.

ಆ ವಿದ್ಯೆಯನ್ನು ಬೀದಿಯ ಬೆಳಕಿಗೆ ತಂದವರು ಇತೋಸು ಅಂಕೋ. 1908ರಲ್ಲಿ ಅವರು ಹತ್ತು ಸೂತ್ರಗಳ ಪತ್ರವೊಂದನ್ನು ಬರೆದು, ಶಾಲೆಯ ಮಕ್ಕಳಿಗೆ ಕರಾಟೆ ಕಲಿಸುವುದರ ಲಾಭಗಳನ್ನು ವಿವರಿಸಿದರು. ದೊರೆಮನೆಯ ಸೇವಕರ ವಿದ್ಯೆ ಹೀಗೆ ಎಲ್ಲರ ಮಕ್ಕಳ ಸೊತ್ತಾಯಿತು. ವಿದ್ಯೆಯ ಹಿಂದೆಯೇ ಮುದ್ರೆಯೂ ಬಂತು. ಹಿಂದೆ ಅರಮನೆಗೆ ಮೀಸಲಾಗಿದ್ದ ಮೂರು ಸುಳಿಗಳನ್ನು ಇಂದು ಎಷ್ಟೋ ಒಕಿನಾವಾ ಶಾಲೆಗಳ ಗುರುತಿನಲ್ಲಿ ಕಾಣಬಹುದು. ದೇಹ, ಮನಸ್ಸು, ಆತ್ಮ ಎಂದು ಕೆಲವು ಗುರುಗಳು ಅವಕ್ಕೆ ಅರ್ಥ ಹೇಳುತ್ತಾರೆ. ಸ್ವರ್ಗ, ಭೂಮಿ, ಮನುಷ್ಯ ಎಂದು ಮತ್ತೆ ಕೆಲವರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕರಾಟೆಯ ಬಿಳಿಯ ಉಡುಪೂ ನಡುಪಟ್ಟಿಯೂ ಒಕಿನಾವಾದ ಹಳೆಯ ಸಂಪ್ರದಾಯಗಳಲ್ಲ. ಅವು ಬಂದುದು ಜಪಾನಿನ ಜೂಡೋದಿಂದ, 1920ರ ದಶಕದಲ್ಲಿ. ಅದಕ್ಕೆ ಮೊದಲು ಶಿಷ್ಯರು ದಿನನಿತ್ಯದ ಬಟ್ಟೆಯಲ್ಲಿಯೋ, ಸೆಕೆಯ ದಿನಗಳಲ್ಲಿ ಬರಿಯ ಕೌಪೀನದಲ್ಲಿಯೋ ಅಭ್ಯಾಸ ಮಾಡುತ್ತಿದ್ದರು. ಗುರುತು ಹೊಲಿಯಲು ಎದೆಯ ಮೇಲೆ ಅಂಗಿಯೇ ಇರಲಿಲ್ಲ!

ಪೈನ್ ಮರಗಳ ಸದ್ದು, ಹುಲಿಯ ಬಾಲ

ಜಗತ್ತಿನಲ್ಲಿ ಬಹುಶಃ ಅತ್ಯಂತ ಪರಿಚಿತವಾದ ಕರಾಟೆ ಚಿತ್ರವೆಂದರೆ ಹುಲಿ. ಷುರಿಯಲ್ಲಿ ಹುಟ್ಟಿದ ಫುನಾಕೋಷಿ ಗಿಚಿನ್ (1868–1957) ಉಪಾಧ್ಯಾಯ ವೃತ್ತಿಯವರು. ಹಗಲು ಪಾಠ, ರಾತ್ರಿ ಕರಾಟೆ. ಮನಸ್ಸು ದಣಿದಾಗ ಷುರಿಯ ಬಳಿಯ ತೊರಾವೊ ಗುಡ್ಡದ ಪೈನ್ ಮರಗಳ ನಡುವೆ ಏಕಾಂತ ಸಂಚಾರ. ಗಾಳಿಗೆ ಪೈನ್ ಎಲೆಗಳು ಅಲೆಯಂತೆ ಸದ್ದು ಮಾಡುವುದನ್ನು ಕೇಳಿ, ತಮ್ಮ ಕವಿತೆಗಳಿಗೆ ‘ಷೋತೊ’, ಎಂದರೆ ಪೈನ್ ಅಲೆಗಳು ಎಂಬ ಅಂಕಿತವನ್ನು ಇಟ್ಟುಕೊಂಡರು. ತೊರಾವೊ ಎಂಬ ಹೆಸರಿನ ಅರ್ಥ ಹುಲಿಯ ಬಾಲ!

1922ರಲ್ಲಿ ಅವರು ಟೋಕಿಯೋಗೆ ಹೋಗಿ ಕರಾಟೆಯನ್ನು ಪ್ರದರ್ಶಿಸಿದರು. ಕೊಸುಗಿ ಹೋಅನ್ ಎಂಬ ಚಿತ್ರಕಾರರು ಈ ವಿದ್ಯೆಯನ್ನು ಕಲಿಯುವ ಆಸೆಯಿಂದ, ಪುಸ್ತಕವೊಂದನ್ನು ಬರೆಯಿರೆಂದು ಅವರನ್ನು ಒತ್ತಾಯಿಸಿದರು. ವೃತ್ತದೊಳಗಿನ ಹುಲಿ ಆ ಚಿತ್ರಕಾರರ ಕೈಯಿಂದಲೇ ಮೂಡಿದ್ದು. ಜಪಾನೀ ಭಾಷೆಯಲ್ಲಿ ಒಂದು ವಿದ್ಯೆಯ ಪ್ರಮಾಣಗ್ರಂಥಕ್ಕೆ ‘ಹುಲಿಯ ಸುರುಳಿ’ ಎಂಬ ನುಡಿಗಟ್ಟಿದೆ. ಪುಸ್ತಕಕ್ಕೆ ಹುಲಿಯ ಚಿತ್ರ ಒದಗಿದ್ದು ಆ ಶ್ಲೇಷೆಯಿಂದ. ಹುಲಿಯನ್ನು ಎದೆಯಲ್ಲಿ ಧರಿಸಿದ ಎಷ್ಟೋ ಮಂದಿ ಅದನ್ನು ಕ್ರೌರ್ಯದ ಸಂಕೇತವೆಂದು ಭಾವಿಸಿರಬಹುದು. ಅದು ಹುಟ್ಟಿದ್ದಾದರೋ, ಪೈನ್ ಮರಗಳ ಸದ್ದು ಕೇಳುತ್ತ ಕವಿತೆ ಬರೆದ ಒಬ್ಬ ಮೇಷ್ಟರ ಪುಸ್ತಕಕ್ಕಾಗಿ.

ಹೆಸರೂ ಒಂದು ಮುದ್ರೆ

ಚಿತ್ರಗಳಂತೆಯೇ ಅಕ್ಷರಗಳೂ ಮುದ್ರೆಗಳೇ. ‘ಕರಾ’ ಎಂಬ ಉಚ್ಚಾರಣೆಗೆ ಎರಡು ಲಿಪಿಚಿಹ್ನೆಗಳಿವೆ. ಮೊದಲು ಬರೆಯುತ್ತಿದ್ದ ಚಿಹ್ನೆಗೆ ಚೀನಾ ಎಂದು ಅರ್ಥ. ಆಗ ಕರಾಟೆ ಎಂದರೆ ‘ಚೀನಾದ ಕೈ’. ಆ ವಿದ್ಯೆ ಚೀನಾಕ್ಕೆ ಋಣಿಯೆಂಬುದನ್ನು ಹೆಸರೇ ಸಾರುತ್ತಿತ್ತು. ಜಪಾನಿನಲ್ಲಿ ಚೀನಾದ ವಿರುದ್ಧ ಭಾವನೆ ಬೆಳೆಯುತ್ತಿದ್ದ ಕಾಲದಲ್ಲಿ, 1936ರ ಅಕ್ಟೋಬರ್ 25ರಂದು, ನಾಹಾ ನಗರದಲ್ಲಿ ಸೇರಿದ ಗುರುಗಳು ಇನ್ನೊಂದು ಚಿಹ್ನೆಯನ್ನು ಒಪ್ಪಿಕೊಂಡರು. ಅದರ ಅರ್ಥ ‘ಬರಿದು’. ಬೌದ್ಧಗ್ರಂಥಗಳ ‘ಶೂನ್ಯ’ ಎಂಬ ಮಾತಿಗೆ ಬಳಸುವ ಚಿಹ್ನೆಯೂ ಅದೇ. ಒಂದು ಋಣ ಹೆಸರಿನಿಂದ ಅಳಿಸಿಹೋಯಿತು. ಒಂದು ಹೊಸ ಅರ್ಥ ಅದರ ಜಾಗಕ್ಕೆ ಬಂತು. 2005ರಿಂದ ಆ ದಿನವನ್ನು ಒಕಿನಾವಾದಲ್ಲಿ ಕರಾಟೆ ದಿನವೆಂದು ಆಚರಿಸುತ್ತಾರೆ.

ಭಾರತದ ನೆನಪೂ ಈ ಹೆಸರುಗಳಲ್ಲಿ ಅಡಗಿದೆ. ‘ಷೋರಿನ್’ ಎಂಬುದು ಚೀನಾದ ಷಾವೊಲಿನ್ ವಿಹಾರದ ಹೆಸರಿನ ಜಪಾನೀ ಉಚ್ಚಾರಣೆ. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನು ಅಲ್ಲಿ ವ್ಯಾಯಾಮ ಕಲಿಸಿದನೆಂಬ ಕಥೆ ಬಹಳ ಈಚಿನದೆಂದು ವಿದ್ವಾಂಸರ ಮತ. ಆದರೂ ಗರಡಿಗಳು ಅವನನ್ನು ನೆನೆಯುವುದನ್ನು ಬಿಟ್ಟಿಲ್ಲ. ಗೋಜು ಶಾಲೆಯ ಅತ್ಯಂತ ಕಠಿಣವಾದ ವರಸೆಯ ಹೆಸರು ‘ಸುಪಾರಿನ್‌ಪೇಯಿ’. ಅದೊಂದು ಚೀನೀ ಸಂಖ್ಯೆ: 108. ಜಪಮಾಲೆಯ ಮಣಿಗಳೆಷ್ಟೆಂದು ಬಲ್ಲ ಮನೆಗಳಿಗೆ ಆ ಸಂಖ್ಯೆಯನ್ನು ವಿವರಿಸಬೇಕಾಗಿಲ್ಲ.

ಗುರುವಿನ ಮುಷ್ಟಿ

ಗೋಜು ಶಾಲೆಯನ್ನು ಸ್ಥಾಪಿಸಿದವರು ನಾಹಾದ ಮಿಯಾಗಿ ಚೋಜುನ್ (1888–1953). ‘ಗೋ’ ಎಂದರೆ ಕಠಿಣ, ‘ಜು’ ಎಂದರೆ ಮೃದು. ಉಸಿರನ್ನು ಹೊರಬಿಡುವುದರಲ್ಲಿ ಒಂದು, ಒಳಗೆಳೆಯುವುದರಲ್ಲಿ ಒಂದು ಎಂಬ ಭಾವದ ಹಳೆಯ ಚೀನೀ ಮಾತಿನಿಂದ ಆ ಹೆಸರು ಬಂತು.

1945ರ ಏಪ್ರಿಲಿನಲ್ಲಿ ಅಮೆರಿಕದ ಸೈನ್ಯ ಒಕಿನಾವಾದಲ್ಲಿ ಇಳಿಯಿತು. ಮೂರು ತಿಂಗಳ ಆ ಕದನದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮಿಯಾಗಿಯವರ ಮಕ್ಕಳು ಅದರಲ್ಲಿ ಅಳಿದರು. ತಮ್ಮ ಉತ್ತರಾಧಿಕಾರಿಯೆಂದು ಅವರು ನೆಚ್ಚಿದ್ದ ಶಿಷ್ಯ ಷಿಂಜಾತೊ ಜಿನ್‌ಅನ್ ಕೂಡ ಉಳಿಯಲಿಲ್ಲ. ಗುರುಗಳು ಮತ್ತೆ ಮೊದಲಿನಿಂದ ಪಾಠ ಆರಂಭಿಸಿದರು.

ಜಪಾನಿನಲ್ಲಿ ಗೋಜು ಶಾಲೆಯನ್ನು ಹರಡಿದ ಯಾಮಗುಚಿ ಗೋಗೆನ್ (1909–1989) ತಮ್ಮ ಸಂಘಕ್ಕೆ ಬಿಗಿದ ಮುಷ್ಟಿಯ ಚಿತ್ರವನ್ನು ಗುರುತಾಗಿ ಇಟ್ಟರು. ಅದು ಮಿಯಾಗಿಯವರ ಬಲಮುಷ್ಟಿಯನ್ನೇ ಹೋಲುವಂತೆ ಬರೆದದ್ದೆಂದು ಶಿಷ್ಯರು ಹೇಳುತ್ತಾರೆ. ಯಾಮಗುಚಿ ಹುಟ್ಟಿದ್ದು ಕ್ಯೂಷೂವಿನಲ್ಲಿ. ಮುನ್ನೂರು ವರ್ಷಗಳ ಹಿಂದೆ ರ್ಯೂಕ್ಯೂವನ್ನು ಗೆದ್ದ ಸೈನ್ಯ ಹೊರಟದ್ದೂ ಆ ದ್ವೀಪದಿಂದಲೇ. ಅಲ್ಲಿಯ ಮಗನೊಬ್ಬನು ಒಕಿನಾವಾದ ಗುರುವಿನ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡನು.

ಸಮುದ್ರದ ದೇವಿ

ಯುದ್ಧಾನಂತರ 1972ರ ಮೇ 15ರವರೆಗೆ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಅಲ್ಲಿದ್ದ ಸೈನಿಕರು ಕರಾಟೆ ಕಲಿತರು. ಷಿಮಾಬುಕು ತಾತ್ಸುವೊ (1908–1975) 1956ರಲ್ಲಿ ಸ್ಥಾಪಿಸಿದ ಇಷಿನ್ ಶಾಲೆಯ ಲಾಂಛನ ಈ ಕಾಲದ್ದು. ಗುರುಗಳಿಗೆ ಕನಸಿನಲ್ಲಿ ಕಂಡ ದೇವಿಯೆಂದು ಅದರ ಐತಿಹ್ಯ. ಅಂಗಿಯ ಗುರುತಿಗಾಗಿ ಅದನ್ನು ಬರೆದವನು ಅಮೆರಿಕದ ಮೆರೀನ್ ದಳದ ಶಿಷ್ಯನೊಬ್ಬ. ಮೇಲರ್ಧ ಶಾಂತಮುಖದ ಸ್ತ್ರೀ. ಕೆಳಗರ್ಧ ಸಮುದ್ರದ ನಾಗ. ಒಂದು ಕೈ ಮುಷ್ಟಿ ಬಿಗಿದಿದೆ; ಇನ್ನೊಂದು ಶಾಂತಿಗಾಗಿ ತೆರೆದಿದೆ. ಕೆಳಗೆ ಕೆರಳಿದ ಕಡಲು. ಮೇಲೆ ಪುಟ್ಟ ನಾಗ ಮತ್ತು ಮೂರು ನಕ್ಷತ್ರಗಳು. ‘ತಾತ್ಸುವೊ’ ಎಂದರೆ ನಾಗಪುರುಷ. ಆ ನಾಗ ಗುರುವಿನ ಅಂಕಿತ. ನಕ್ಷತ್ರಗಳು ಅವರ ಮೂವರು ಗುರುಗಳೆಂದು ಕೆಲವರು, ದೇಹ ಮನಸ್ಸು ಆತ್ಮಗಳೆಂದು ಕೆಲವರು ಹೇಳುತ್ತಾರೆ. ಊರನ್ನು ಸುಟ್ಟ ಸೈನ್ಯದ ಹುಡುಗರಿಗೆ ಆ ಊರಿನ ಗುರು ತೆರೆದ ಕೈಯ ದೇವಿಯನ್ನು ಕೊಟ್ಟು ಕಳುಹಿಸಿದರೆಂಬುದು ಮಾತ್ರ ಸತ್ಯ.

ಮತ್ತೆ ಷುರಿಯಲ್ಲಿ

ಮೂರು ಸುಳಿಗಳ ಮೂಲ ಮನೆಯಾದ ಷುರಿಯ ಅರಮನೆ 1453, 1660, 1709ರಲ್ಲಿ ಉರಿಯಿತು. 1945ರ ಕದನದಲ್ಲಿ ನೆಲಸಮವಾಯಿತು. 1992ರಲ್ಲಿ ಅದನ್ನು ಮೊದಲಿನಂತೆಯೇ ಕಟ್ಟಿದರು. 2019ರ ಅಕ್ಟೋಬರ್ 31ರ ಮುಂಜಾವದಲ್ಲಿ ಅದು ಐದನೆಯ ಬಾರಿ ಬೆಂಕಿಗೆ ಆಹುತಿಯಾಯಿತು. ಗುಡ್ಡದ ಕೆಳಗೆ ನಿಂತು ನೋಡುತ್ತಿದ್ದ ಜನ ಕಣ್ಣೀರು ಸುರಿಸಿದರು. ಬೆಂಕಿಯನ್ನು ತಡೆಯಬೇಕಾಗಿದ್ದ ನೀರಿನ ಸುಳಿ ತನ್ನ ಮನೆಯನ್ನೇ ಉಳಿಸಿಕೊಳ್ಳಲಾರದೆ ಹೋಯಿತು. ಆದರೂ ಮರ, ಹಂಚು, ಕೆಂಪು ಅರಗುಗಳನ್ನು ಕೂಡಿಸಿ ಒಕಿನಾವಾದವರು ಮತ್ತೆ ಕಟ್ಟಲು ಹೊರಟರು.

ಮುಂದಿನ ಭಾನುವಾರ ಅಂಗಿಯನ್ನು ಮಡಿಚುವಾಗ ಮಗು ತಾಯಿಗೆ ಇನ್ನೊಂದಿಷ್ಟು ಹೆಚ್ಚಿಗೆ ಹೇಳಬಹುದು. ಆ ಹುಲಿ ಒಬ್ಬ ಮೇಷ್ಟರ ಪುಸ್ತಕದ್ದು. ಆ ಮುಷ್ಟಿ ಮಕ್ಕಳನ್ನು ಕಳೆದುಕೊಂಡ ಒಬ್ಬ ಗುರುವಿನದು. ಆ ಮೂರು ಸುಳಿಗಳು ಮೊದಲು ಒಬ್ಬ ದೊರೆಯವಾಗಿದ್ದವು, ಆಮೇಲೆ ಸಹಿ ಹಾಕದ ಒಬ್ಬ ಮಂತ್ರಿಯವಾದವು, ಈಗ ಅವನ್ನು ತೊಟ್ಟು ಅಭ್ಯಾಸ ಮಾಡುವವರವು. ಗುರುತಿನ ದಾರ ಬಿಚ್ಚಿಕೊಂಡಿದ್ದರೆ ತಾಯಿ ಸೂಜಿ ತರುತ್ತಾಳೆ. ಈ ಬಾರಿ ಹೊಲಿಗೆ ಹಾಕುವಾಗ ಮಗು ಪಕ್ಕದಲ್ಲಿ ಕುಳಿತು, ಬಾಲಗಳು ಯಾವ ಕಡೆಗೆ ತಿರುಗಿವೆಯೆಂದು ನೋಡಿಕೊಳ್ಳಲಿ.